ಪಕ್ಕದ ಮನೆಯಾಕೆ: ಬೀ ಬೆನಡೆರೆಟ್

ಬಾನುಲಿಯಲ್ಲಿ ಸಂಗೀತ ಕಚೇರಿಯನ್ನು ಕೇಳುವವರಿಗೆಲ್ಲ ಒಂದು ಅನುಭವ ಉಂಟು. ಹಾಡುಗಾರರು ಸ್ವರದ ಒಂದು ಸುತ್ತನ್ನು ಮುಗಿಸಿ ನಿಲ್ಲುತ್ತಾರೆ. ಪಿಟೀಲಿನವರು ಅದನ್ನು ಎತ್ತಿಕೊಂಡು ನುಡಿಸುತ್ತಾರೆ. ಹಾಡಿದ್ದರ ಸೊಗಸು ನಮ್ಮ ಮನಸ್ಸಿಗೆ ಪೂರ್ತಿಯಾಗಿ ಹತ್ತುವುದು ಆಗಲೇ. ಆದರೂ ಕಚೇರಿ ಮುಗಿದ ಮೇಲೆ ನೆನಪಿನಲ್ಲಿ ಉಳಿಯುವುದು ಹಾಡುಗಾರರ ಹೆಸರು. ಹಾಸ್ಯ ನಾಟಕದಲ್ಲಿಯೂ ಹೀಗೆಯೇ. ನಾಯಕಿಯ ಮಾತಿಗೆ ನಗು ಹುಟ್ಟಬೇಕಾದರೆ ಅದನ್ನು ಕೇಳಿಸಿಕೊಳ್ಳುವವಳೊಬ್ಬಳು ಎದುರಿಗಿರಬೇಕು. ಕೇಳಿಸಿಕೊಳ್ಳುವ ಈ ಕೆಲಸವನ್ನೇ ನಾಲ್ವತ್ತು ವರ್ಷಗಳ ಕಸುಬಾಗಿ ಮಾಡಿಕೊಂಡವರು ಅಮೆರಿಕದ ನಟಿ ಬೀ ಬೆನಡೆರೆಟ್.

ಆಕೆ ಹುಟ್ಟಿದ್ದು 1906ರಲ್ಲಿ, ನ್ಯೂಯಾರ್ಕಿನಲ್ಲಿ. ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 1926ರಲ್ಲಿ ಆ ಊರಿನ ಕೆ.ಎಫ್.ಆರ್.ಸಿ. ಬಾನುಲಿ ನಿಲಯವನ್ನು ಸೇರಿದರು. ಹತ್ತು ವರ್ಷಗಳ ಅನಂತರ ಹಾಲಿವುಡ್ಡಿಗೆ ಬಂದರು. ಅಂದಿನ ಬಾನುಲಿ ನಾಟಕವೆಂದರೆ ಮೊದಲೇ ಮುದ್ರಿಸಿಟ್ಟದ್ದಲ್ಲ. ಆಡಿದ ಮಾತು ಆ ಕ್ಷಣವೇ ಮನೆಮನೆಯನ್ನು ಮುಟ್ಟುತ್ತಿತ್ತು. ಒಬ್ಬರೇ ಕಲಾವಿದರು ಒಂದೇ ನಾಟಕದಲ್ಲಿ ಎರಡು ಮೂರು ಪಾತ್ರಗಳನ್ನು ವಹಿಸುವುದೂ ಉಂಟಾಗಿತ್ತು. ಬಣ್ಣವಿಲ್ಲ, ವೇಷವಿಲ್ಲ. ಇವಳು ಶ್ರೀಮಂತರ ಮನೆಯಾಕೆ, ಇವಳು ಕೆಲಸದವಳು ಎಂಬುದನ್ನು ಮೊದಲ ಎರಡು ಮಾತುಗಳಲ್ಲೇ ಕಿವಿಗೆ ತಿಳಿಸಬೇಕು. ಬೆನಡೆರೆಟ್ ಪಳಗಿದ್ದು ಈ ಗರಡಿಯಲ್ಲಿ.

ಜ್ಯಾಕ್ ಬೆನ್ನಿಯವರ ಪ್ರಸಿದ್ಧ ಹಾಸ್ಯ ಕಾರ್ಯಕ್ರಮದಲ್ಲಿ ಟೆಲಿಫೋನ್ ಕಚೇರಿಯ ಇಬ್ಬರು ಹುಡುಗಿಯರು ಬರುತ್ತಿದ್ದರು. ಬೆನ್ನಿ ಫೋನೆತ್ತಿ ಯಾರನ್ನೋ ಕೇಳಿದರೆ, ತಂತಿ ಜೋಡಿಸುವ ಮೊದಲು ಇವರಿಬ್ಬರೂ ಆತನ ಜಿಪುಣತನವನ್ನು ಆಡಿಕೊಳ್ಳುವರು. ಆ ಇಬ್ಬರಲ್ಲಿ ಗರ್ಟ್ರೂಡ್ ಎಂಬಾಕೆ ಬೆನಡೆರೆಟ್. ಬರುವುದು ಎರಡೇ ನಿಮಿಷ. ಆದರೆ ಶ್ರೋತೃಗಳು ಆ ಎರಡು ನಿಮಿಷಕ್ಕಾಗಿ ಕಾದಿರುತ್ತಿದ್ದರು.

ಹೆಸರಿಲ್ಲದೆ ದುಡಿದದ್ದೂ ಉಂಟು. ವಾರ್ನರ್ ಬ್ರದರ್ಸ್ ಸಂಸ್ಥೆಯ ವ್ಯಂಗ್ಯಚಿತ್ರಗಳಲ್ಲಿ ಟ್ವೀಟಿ ಎಂಬ ಹಳದಿ ಹಕ್ಕಿಯನ್ನು ಸಾಕಿದ ಅಜ್ಜಿಯೊಬ್ಬಳಿದ್ದಾಳೆ. 1955ರವರೆಗೆ ಆ ಅಜ್ಜಿಯ ದನಿ ಬೆನಡೆರೆಟ್ಟರದು. ತೆರೆಯ ಮೇಲೆ ದನಿ ಕೊಟ್ಟವರೆಂದು ಕಾಣುತ್ತಿದ್ದುದು ಮೆಲ್ ಬ್ಲಾಂಕ್ ಎಂಬವರ ಹೆಸರು. ಒಪ್ಪಂದದಲ್ಲಿ ಹಾಗೆಂದು ಬರೆಸಿಕೊಂಡಿದ್ದವರು ಅವರೊಬ್ಬರೇ.

ಟೆಲಿವಿಷನ್ ಬಂದಾಗ ಬಾನುಲಿಯ ಅನೇಕ ಕಲಾವಿದರು ಹಿಂದೆ ಬಿದ್ದರು. ಕೇಳಿದ ದನಿಗೂ ಕಂಡ ಮುಖಕ್ಕೂ ಹೊಂದಿಕೆಯಾಗಲಿಲ್ಲ. ಬೆನಡೆರೆಟ್ ಹಾಗಾಗಲಿಲ್ಲ. 1950ರಲ್ಲಿ ಜಾರ್ಜ್ ಬರ್ನ್ಸ್ ಮತ್ತು ಗ್ರೇಸಿ ಆಲೆನ್ ದಂಪತಿಗಳ ಕಾರ್ಯಕ್ರಮ ಟೆಲಿವಿಷನ್ನಿಗೆ ಬಂದಾಗ, ಬಾನುಲಿಯಲ್ಲಿ ಮಾಡುತ್ತಿದ್ದ ಪಕ್ಕದ ಮನೆಯ ಬ್ಲಾಂಚ್ ಮಾರ್ಟನ್ ಪಾತ್ರವನ್ನು ಅಲ್ಲಿಯೂ ವಹಿಸಿದರು. ಗ್ರೇಸಿಯ ಮಾತಿಗೆ ತಲೆಬುಡವಿರುವುದಿಲ್ಲ. ಆದರೆ ಅದಕ್ಕೆ ಅದರದೇ ಆದ ತರ್ಕವಿರುತ್ತದೆ. ಕೇಳುವವಳು ಅದನ್ನು ಹುಚ್ಚೆಂದು ತಳ್ಳಿಹಾಕಿದರೆ ಹಾಸ್ಯ ಅಲ್ಲಿಗೇ ಮುಗಿಯಿತು. ಬ್ಲಾಂಚ್ ತಳ್ಳಿಹಾಕುವುದಿಲ್ಲ. ಕಣ್ಣರಳಿಸಿ ಕೇಳುತ್ತಾಳೆ, ಅರೆಗಳಿಗೆ ಯೋಚಿಸುತ್ತಾಳೆ, ಕೊನೆಗೆ ತಾನೂ ಆ ಪೇಚಿನಲ್ಲಿ ಸಿಕ್ಕಿಕೊಳ್ಳುತ್ತಾಳೆ. ಆ ಅರೆಗಳಿಗೆಯ ಮೌನದಲ್ಲಿಯೇ ನಗು ಸಿದ್ಧವಾಗುತ್ತದೆ.

ಬ್ಲಾಂಚಳ ಗಂಡನ ಪಾತ್ರಧಾರಿಗಳು ಮಾತ್ರ ಬದಲಾಗುತ್ತಿದ್ದರು; ಟೆಲಿವಿಷನ್ನಿನಲ್ಲಿಯೇ ನಾಲ್ವರಾದರು. 1953ರಲ್ಲಿ ಫ್ರೆಡ್ ಕ್ಲಾರ್ಕ್ ಬಿಟ್ಟುಹೋದಾಗ ಬರ್ನ್ಸ್ ನಾಟಕದ ನಡುವೆಯೇ ರಂಗಕ್ಕೆ ಬಂದು, ಹೊಸ ಗಂಡ ಲ್ಯಾರಿ ಕೀಟಿಂಗ್ ಇವರು ಎಂದು ಪರಿಚಯ ಮಾಡಿಕೊಟ್ಟರು. ಬೆನಡೆರೆಟ್ ಆತನಿಗೆ ಮರ್ಯಾದೆಯಿಂದ ನಮಸ್ಕಾರ ಹೇಳಿ, ಮರುಕ್ಷಣವೇ ಹೆಂಡತಿಯಾಗಿ ನಿಲ್ಲಿಸಿದ್ದ ಜಗಳವನ್ನು ಮುಂದುವರಿಸಿದರು! ಗಂಡಂದಿರು ಬದಲಾದರೂ ಸಂಸಾರ ನಡೆದದ್ದು ಆಕೆಯ ಬಲದಿಂದ.

ಇದೇ ಪಾತ್ರ ಆಕೆಗೆ ಒಂದು ನಷ್ಟವನ್ನೂ ತಂದಿತು. 1948ರಿಂದ ಲೂಸಿಲ್ ಬಾಲ್‌ರ ಬಾನುಲಿ ಹಾಸ್ಯದಲ್ಲಿ ಬೆನಡೆರೆಟ್ ಗೆಳತಿಯ ಪಾತ್ರ ವಹಿಸುತ್ತಿದ್ದರು. 1951ರಲ್ಲಿ ‘ಐ ಲವ್ ಲೂಸಿ’ ಟೆಲಿವಿಷನ್ನಿಗೆ ಸಿದ್ಧವಾದಾಗ ನೆರೆಮನೆಯ ಎಥೆಲ್ ಪಾತ್ರಕ್ಕೆ ಲೂಸಿಲ್ ಮೊದಲು ಬಯಸಿದ್ದು ಇವರನ್ನೇ. ಬರ್ನ್ಸ್ ಕಾರ್ಯಕ್ರಮದ ಒಪ್ಪಂದ ಅಡ್ಡಬಂತು. ಪಾತ್ರ ವಿವಿಯನ್ ವಾನ್ಸ್‌ರ ಪಾಲಾಯಿತು. 1954ರಲ್ಲಿ ಪೋಷಕ ನಟಿಗೆ ಸಲ್ಲುವ ಎಮ್ಮಿ ಪ್ರಶಸ್ತಿಗೆ ಇಬ್ಬರ ಹೆಸರೂ ಇತ್ತು. ಗೆದ್ದವರು ವಾನ್ಸ್. ಮರುವರ್ಷವೂ ಬೆನಡೆರೆಟ್ಟರ ಹೆಸರು ಪಟ್ಟಿಯಲ್ಲಿ ಬಂತು, ಪ್ರಶಸ್ತಿ ಬರಲಿಲ್ಲ.

1958ರಲ್ಲಿ ಗ್ರೇಸಿ ನಿವೃತ್ತರಾದರು. 1960ರಲ್ಲಿ ‘ಫ್ಲಿಂಟ್‌ಸ್ಟೋನ್ಸ್’ ವ್ಯಂಗ್ಯಚಿತ್ರ ಮಾಲೆ ಆರಂಭವಾದಾಗ ಬೆನಡೆರೆಟ್ ಬೆಟ್ಟಿ ರಬಲ್ ಪಾತ್ರಕ್ಕೆ ದನಿಯಾದರು. ಶಿಲಾಯುಗಕ್ಕೆ ಹೋದರೂ ಆಕೆ ಪಕ್ಕದ ಮನೆಯವಳೇ!

ಬರ್ನ್ಸ್ ಕಾರ್ಯಕ್ರಮಕ್ಕೆ ಬರೆಯುತ್ತಿದ್ದ ಪಾಲ್ ಹೆನಿಂಗ್ ಮಾತ್ರ ಆಕೆಯನ್ನು ಮರೆತಿರಲಿಲ್ಲ. 1963ರಲ್ಲಿ ‘ಪೆಟಿಕೋಟ್ ಜಂಕ್ಷನ್’ ಮಾಲೆಯನ್ನು ರೂಪಿಸಿ ಮುಖ್ಯ ಪಾತ್ರವನ್ನು ಆಕೆಗೇ ಕೊಟ್ಟರು. ರೈಲು ದಾರಿಯ ಪಕ್ಕದ ಹಳ್ಳಿಗಾಡಿನ ಹೋಟೆಲು, ಅದನ್ನು ನಡೆಸುವ ವಿಧವೆ ಕೇಟ್ ಬ್ರ್ಯಾಡ್ಲಿ, ಬೆಳೆದು ನಿಂತ ಮೂವರು ಹೆಣ್ಣುಮಕ್ಕಳು. ಹೆಸರು ಮೊದಲ ಸಾಲಿಗೆ ಬಂದಾಗ ಬೆನಡೆರೆಟ್ಟರಿಗೆ ವಯಸ್ಸು 57. ಅಲ್ಲಿಯೂ ಆಕೆ ಹಳೆಯ ಅಭ್ಯಾಸವನ್ನು ಬಿಡಲಿಲ್ಲ. ನಗುವಿನ ಮಾತು ಸೋಮಾರಿ ಚಿಕ್ಕಪ್ಪನಿಗೆ, ಹಾಡು ಮಕ್ಕಳಿಗೆ. ತಾನು ನಡುವೆ ನಿಂತು ಎಲ್ಲರ ಮಾತನ್ನೂ ಕೇಳಿಸಿಕೊಳ್ಳುವ ತಾಯಿ.

1967ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಾಣಿಸಿಕೊಂಡಿತು. ಚಿಕಿತ್ಸೆ ಪಡೆದು ಒಮ್ಮೆ ಕೆಲಸಕ್ಕೆ ಮರಳಿದರು; ಬೇನೆಯೂ ಮರಳಿತು. 1968ರ ಅಕ್ಟೋಬರ್ 13ರಂದು ಆಕೆ ತೀರಿಕೊಂಡರು. ಬಾನುಲಿಯಲ್ಲಿ ಶಬ್ದ ಪರಿಣಾಮಗಳನ್ನು ಒದಗಿಸುತ್ತಿದ್ದ ಪತಿ ಯೂಜೀನ್ ಟ್ವಾಂಬ್ಲಿ ನಾಲ್ಕೇ ದಿನಗಳಲ್ಲಿ ಹೃದಯಾಘಾತದಿಂದ ತೀರಿಹೋದರು.

ಆಕೆಯ ಮರಣಾನಂತರ ಪ್ರಸಾರವಾದ ಒಂದು ಕಂತಿನಲ್ಲಿ ಕೇಟಳ ಮಗಳಿಗೆ ಹೆರಿಗೆಯಾಗುತ್ತದೆ. ತಾಯಿ ಬರಬೇಕು, ಆದರೆ ಬೆನಡೆರೆಟ್ಟರಿಗೆ ಚಿತ್ರೀಕರಣಕ್ಕೆ ನಿಲ್ಲುವ ಶಕ್ತಿ ಇರಲಿಲ್ಲ. ಬೇರೊಬ್ಬರನ್ನು ನಿಲ್ಲಿಸಿ ಬೆನ್ನ ಕಡೆಯಿಂದ ಚಿತ್ರ ತೆಗೆದರು. ಮಾತುಗಳನ್ನು ಬೆನಡೆರೆಟ್ ತಾವೇ ಮುದ್ರಿಸಿಕೊಟ್ಟಿದ್ದರು. ನೋಡುವವರಿಗೆ ಮುಖ ಕಾಣಲಿಲ್ಲ. ಬಂದಿರುವವಳು ಕೇಟ್ ಎಂದು ಗುರುತು ಹಿಡಿಯಲು, ಹಿಂದೆ ಬಾನುಲಿಯ ದಿನಗಳಲ್ಲಿ ಆದಂತೆ, ದನಿಯೊಂದೇ ಸಾಕಾಯಿತು.