ಹಸಿ ಹೊಳೆಮೀನು ತಿನ್ನುವ ಮುನ್ನ: ಲಿವರಿನಲ್ಲಿ ಬಿಡಾರ ಹೂಡುವ ಹುಳು

ರಜೆ ಸಿಕ್ಕಿದರೆ ಗಲ್ಫ್‌ನಿಂದ ಥಾಯ್ಲೆಂಡಿಗೆ ಹೋಗಿ ಬರುವ ನಮ್ಮವರು ಈಗ ಬಹಳ ಮಂದಿ. ಕ್ಯಾಂಪಿನಲ್ಲೂ ನಾನಾ ದೇಶದವರ ಜೊತೆ ಕೂತು ಊಟ ಮಾಡ್ತೇವೆ, ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನೋದು ಕಷ್ಟ. ಹಾಗಾಗಿ ಈ ವಿಷಯ ತಿಳಿದಿರಲಿ. ನಾನು ಡಾಕ್ಟರ್ ಅಲ್ಲ, ಲೆಕ್ಕಪತ್ರ ನೋಡುವವನು. ಓದಿ ತಿಳಿದದ್ದನ್ನು ಸರಳವಾಗಿ ಹೇಳ್ತೇನೆ.

ಥಾಯ್ಲೆಂಡಿನ ಈಶಾನ್ಯಕ್ಕೆ ಈಸಾನ್ ಅಂತ ಹೆಸರು. ಬಹುತೇಕ ಭತ್ತ ಬೆಳೆಯುವ ರೈತರ ನಾಡು. ಅಲ್ಲಿ ‘ಕೋಯ್ ಪ್ಲಾ’ ಎಂಬ ತಿಂಡಿ ಇದೆ. ಕೆರೆ, ಹೊಳೆಯ ಸಣ್ಣ ಮೀನನ್ನು ಹಸಿಯಾಗಿಯೇ ಕೊಚ್ಚಿ, ನಿಂಬೆರಸ, ಮೆಣಸು, ಸೊಪ್ಪು ಬೆರೆಸಿ ತಿನ್ನುತ್ತಾರೆ. ಪಿತ್ತನಾಳದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಇರುವುದು ಇದೇ ಸೀಮೆಯಲ್ಲಿ. ಅದಕ್ಕೆ ಮುಖ್ಯ ಕಾರಣ ಒಂದು ಚಪ್ಪಟೆ ಹುಳು, ಹೆಸರು ಲಿವರ್ ಫ್ಲೂಕ್. ಇದು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಹೇಳಿದೆ. ಚೀನಾ, ಕೊರಿಯಾ, ವಿಯೆಟ್ನಾಂ ಕಡೆ ಇದರ ಹತ್ತಿರದ ಸಂಬಂಧಿ ಹುಳು ಇದೆ.

ಹುಳು ನಮ್ಮ ಹೊಟ್ಟೆಗೆ ಬರೋದು ಹೇಗೆ? ಸೋಂಕು ಇರುವ ಮನುಷ್ಯ, ಬೆಕ್ಕು ಅಥವಾ ನಾಯಿಯ ಮಲದಲ್ಲಿ ಇದರ ಮೊಟ್ಟೆ ಇರುತ್ತದೆ. ಮಲ ನೀರಿಗೆ ಸೇರಿದರೆ ಮೊಟ್ಟೆಯನ್ನು ಬಸವನಹುಳು ತಿನ್ನುತ್ತದೆ. ಅದರೊಳಗೆ ಬೆಳೆದ ಮರಿಗಳು ಹೊರಬಂದು ಕಾರ್ಪ್ ಜಾತಿಯ ಮೀನಿನ ಮಾಂಸಕ್ಕೆ ಹೊಕ್ಕು, ಕಣ್ಣಿಗೆ ಕಾಣದ ಗುಳ್ಳೆಯಾಗಿ ಕೂರುತ್ತವೆ. ಆ ಮೀನನ್ನು ಹಸಿಯಾಗಿ ತಿಂದರೆ ಗುಳ್ಳೆ ನಮ್ಮ ಕರುಳಿನಲ್ಲಿ ಒಡೆದು, ಮರಿಹುಳು ಪಿತ್ತನಾಳ ಸೇರುತ್ತದೆ. ಬೆಳೆದ ಹುಳು ಸುಮಾರು ಒಂದು ಸೆಂಟಿಮೀಟರ್ ಉದ್ದ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಬದುಕಬಲ್ಲದು.

ಕಷ್ಟ ಇರೋದು ಇಲ್ಲೇ. ಹೆಚ್ಚಿನವರಿಗೆ ಏನೂ ಗೊತ್ತಾಗಲ್ಲ. ಕೆಲವರಿಗೆ ಹೊಟ್ಟೆನೋವು, ಅಜೀರ್ಣ, ಸುಸ್ತು. ಒಳಗೆ ಮಾತ್ರ ನಾಳದ ಗೋಡೆ ವರ್ಷಗಟ್ಟಲೆ ಉರಿಯೂತದಿಂದ ಕೆಡುತ್ತಾ ಹೋಗುತ್ತದೆ. ದಶಕಗಳ ನಂತರ ಕಾಮಾಲೆ ಕಾಣಿಸಿದಾಗ ಎಷ್ಟೋ ಸಲ ಆಪರೇಷನ್ ಮಾಡುವ ಹಂತವೂ ದಾಟಿರುತ್ತದೆ. ಖೋನ್ ಕೇನ್ ವಿಶ್ವವಿದ್ಯಾಲಯದ ಸರ್ಜನ್ ನರೋಂಗ್ ಖುಂಟಿಕಿಯೊ ಅವರ ತಂದೆ ತಾಯಿ ಇಬ್ಬರೂ ಈ ಕ್ಯಾನ್ಸರಿನಿಂದಲೇ ತೀರಿಕೊಂಡರು. ಅವರು ಹಳ್ಳಿ ಹಳ್ಳಿಗೆ ಸ್ಕ್ಯಾನಿಂಗ್ ಯಂತ್ರ ಒಯ್ದು ಜನರನ್ನು ತಪಾಸಣೆ ಮಾಡಿದರು.

ನಿಂಬೆರಸ ಹಿಂಡಿದರೆ, ಖಾರ ಹಾಕಿದರೆ, ಜೊತೆಗೆ ಎರಡು ಪೆಗ್ ಕುಡಿದರೆ ಹುಳು ಸಾಯುತ್ತದೆ ಎಂಬ ನಂಬಿಕೆ ಇದೆ. ಅದು ಸುಳ್ಳು. ನಿಂಬೆರಸಕ್ಕೆ ಮೀನು ಬಿಳುಪಾಗುತ್ತದೆ, ಬೇಯುವುದಿಲ್ಲ. ಮೀನು ಒಳಗಿನವರೆಗೂ ಕನಿಷ್ಠ 63 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕು, ಇಲ್ಲವೇ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇರಬೇಕು. ರೂಮಿನ ಫ್ರಿಜ್‌ ಅಷ್ಟು ತಣ್ಣಗಾಗುತ್ತದೆ ಅಂತ ನಂಬಬೇಡಿ.

ಹಾಗಂತ ಮೀನು ಬಿಡಬೇಕಿಲ್ಲ. ನಮ್ಮ ಬಂಗುಡೆ, ಬೂತಾಯಿ, ಅಂಜಲ್ ಸಮುದ್ರದ ಮೀನು, ಈ ಹುಳು ಸಿಹಿನೀರಿನದ್ದು. ಹೈಪರ್‌ಮಾರ್ಕೆಟಿನ ರೋಹು, ಕಾಟ್ಲಾ ಸಿಹಿನೀರಿನವೇ ಆದರೂ, ಸಾರಿನಲ್ಲಿ ಚೆನ್ನಾಗಿ ಕುದಿಸಿದರೆ ಭಯವಿಲ್ಲ. ಸಮುದ್ರದ ಮೀನಲ್ಲೂ ಬೇರೆ ಹುಳುಗಳು ಇರಬಹುದು, ಆದ್ದರಿಂದ ಅದನ್ನೂ ಬೇಯಿಸಿಯೇ ತಿನ್ನಿ.

ಆ ದೇಶಗಳಲ್ಲಿ ಹಸಿ ಹೊಳೆಮೀನು ತಿಂದಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯಲಿಕ್ಕಿಲ್ಲ. ವೀಸಾ ಮೆಡಿಕಲ್‌ನ ಎದೆಯ ಎಕ್ಸ್‌ರೇಯಲ್ಲಿ ಈ ಹುಳು ಕಾಣುವುದಿಲ್ಲ, ಮಲಪರೀಕ್ಷೆಯಲ್ಲಿ ಮೊಟ್ಟೆ ಹುಡುಕಬೇಕು. ಮದ್ದು ಇದೆ, ಪ್ರಾಜಿಕ್ವಾಂಟೆಲ್ ಮಾತ್ರೆ. ಡಾಕ್ಟರು ತೂಕ ನೋಡಿ ಕೊಡುತ್ತಾರೆ. ಫಾರ್ಮಸಿಯಿಂದ ಸಾಮಾನ್ಯ ಜಂತುಹುಳು ಮಾತ್ರೆ ಒಂದು ತಂದು ನುಂಗಿದರೆ ಸಾಲದು. ವಾಸಿಯಾದ ಮೇಲೂ ಮತ್ತೆ ಹಸಿ ಮೀನು ತಿಂದರೆ ಹುಳು ಮತ್ತೆ ಬರುತ್ತದೆ. ಆದ್ದರಿಂದ ಯಾರಾದರೂ ತಟ್ಟೆ ಮುಂದಿಟ್ಟರೆ, "ಸ್ವಲ್ಪ ಬೇಯಿಸಿ ಕೊಡಿ, ತಿನ್ತೇನೆ" ಅನ್ನಿ.