ಧಾರೆಗೆ ಇಂಗ್ಲಿಷಿನಲ್ಲಿ ಏನಂತಾರೆ?

ನಮ್ಮಕ್ಕನ ಮಗಳ ಮದುವೆ ಕಾರ್ಡಿನಲ್ಲಿ ಶನಿವಾರ ಸಂಜೆ ರಿಸೆಪ್ಷನ್, ಭಾನುವಾರ ಬೆಳಗ್ಗೆ ಮುಹೂರ್ತ ಎಂದಿತ್ತು. ಅವಳ ಆಫೀಸಿನ ಇಂಗ್ಲೆಂಡಿನ ದಂಪತಿ ಅದನ್ನು ಅಚ್ಚಿನ ತಪ್ಪೆಂದುಕೊಂಡು ಶನಿವಾರ ಬೆಂಗಳೂರಿನಲ್ಲೇ ಉಳಿದುಬಿಟ್ಟರು. ಅವರ ಕಡೆ ರಿಸೆಪ್ಷನ್ ಅಂದರೆ ಮದುವೆ ಮುಗಿದ ಮೇಲಿನ ಊಟ-ಉಪಚಾರ. ತಾಳಿ ಕಟ್ಟುವ ಮೊದಲೇ ಹುಡುಗ ಹುಡುಗಿ ವೇದಿಕೆ ಹತ್ತಿ ನಿಲ್ಲುತ್ತಾರೆಂದು ಅವರಿಗೆ ಹೇಗೆ ಹೊಳೆಯಬೇಕು? 'ದ ರಿಸೆಪ್ಷನ್ ಈಸ್ ಆನ್ ದ ಈವ್ನಿಂಗ್ ಬಿಫೋರ್ ದ ವೆಡ್ಡಿಂಗ್' ಎಂದು ಒಂದು ಸಾಲು ಹಾಕಿಸಿದ್ದರೆ ಸಾಕಿತ್ತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳು ಈಗ ದೂರದೂರದಲ್ಲಿ ಕೆಲಸಕ್ಕಿದ್ದಾರೆ. ಅವರ ಮದುವೆಗೆ ಕನ್ನಡ ಬಾರದ ನೆಂಟರೂ ಸ್ನೇಹಿತರೂ ಬರುತ್ತಾರೆ. ಹತ್ತಿಪ್ಪತ್ತು ಪದ ಸರಿಯಾಗಿ ಗೊತ್ತಿದ್ದರೆ ಅವರನ್ನು ಚಪ್ಪರದ ಮೂಲೆಯಲ್ಲಿ ಸುಮ್ಮನೆ ಕೂರಿಸಬೇಕಾಗಿಲ್ಲ.

ಮೊದಲು 'ವೆಡ್ಡಿಂಗ್' ಮತ್ತು 'ಮ್ಯಾರೇಜ್'. ಮದುವೆಯ ಸಮಾರಂಭ ವೆಡ್ಡಿಂಗ್, ಆಮೇಲಿನ ದಾಂಪತ್ಯ ಮ್ಯಾರೇಜ್. 'ಭಾನುವಾರ ಮಗಳ ವೆಡ್ಡಿಂಗ್, ಬನ್ನಿ' ಅನ್ನಬೇಕು. ಹಳೆಯ ಇಂಗ್ಲಿಷಿನಲ್ಲಿ 'ವೆಡ್' ಎಂದರೆ ಕೊಟ್ಟ ಮಾತು, ಒತ್ತೆ. ವೀಳ್ಯ ಬದಲಿಸಿ ಮಾತು ಕೊಡುವ ನಮಗೆ ಅದು ಅಪರಿಚಿತವೇನಲ್ಲ. ಇನ್ನೊಂದು, ನಾವು 'ಅವನ ಜೊತೆ ಮದುವೆ' ಅನ್ನುವುದರಿಂದ ಬಾಯಿಗೆ 'ಮ್ಯಾರೀಡ್ ವಿತ್' ಬರುತ್ತದೆ. ಅಲ್ಲಿ ಬೇಕಾದ್ದು 'ಮ್ಯಾರೀಡ್ ಟು'.

'ಚೌಲ್ಟ್ರಿ' ನಮ್ಮ ಚಾವಡಿಗೆ ನಂಟಿರುವ ಪದ, ಇಂಗ್ಲೆಂಡಿನವರಿಗೆ ತಿಳಿಯದು. 'ವೆಡ್ಡಿಂಗ್ ಹಾಲ್' ಅನ್ನಿ.

ನಂಟಸ್ತಿಕೆಯ ಮಾತು ಬಂದಾಗ ಇಂಗ್ಲಿಷು ಬಡವಾಗುತ್ತದೆ. ಭಾವ, ಮೈದುನ ಇಬ್ಬರೂ 'ಬ್ರದರ್ ಇನ್ ಲಾ'. ಅತ್ತಿಗೆ, ನಾದಿನಿ ಇಬ್ಬರೂ 'ಸಿಸ್ಟರ್ ಇನ್ ಲಾ'. ಷಡ್ಡಕನನ್ನು 'ಕೋ ಬ್ರದರ್' ಅಂದರೆ ನಮ್ಮ ದೇಶದಾಚೆ ಅರ್ಥವಾಗುವುದಿಲ್ಲ. 'ನನ್ನ ಹೆಂಡತಿಯ ತಂಗಿಯ ಗಂಡ' ಎಂದು ಬಿಡಿಸಿಯೇ ಹೇಳಬೇಕು. ಬೀಗರಿಗಂತೂ ಪದವೇ ಇಲ್ಲ. 'ಅಳಿಯನ ತಂದೆತಾಯಿ' ಎಂದು ಹೇಳಿ, ಆಮೇಲೆ ಬೀಗರು ಎಂಬ ಪದವನ್ನೇ ಅವರಿಗೆ ಕಲಿಸಿಬಿಡಿ. ಬೀಗರೂಟ ಮಾಡುವ ಮನೆಯಾದರೆ ಅದು ಮುಂದೆ ಹೇಗೂ ಬೇಕಾಗುತ್ತದೆ.

ಶಾಸ್ತ್ರಗಳಿಗೆ ಒಂದೇ ಪದದ ಸಮಾನಾರ್ಥ ಹುಡುಕುತ್ತಾ ಕೂರಬೇಡಿ. ಕೈ ಏನು ಮಾಡುತ್ತಿದೆಯೋ ಅದನ್ನು ಹೇಳಿ. ಭಾನುವಾರ ಆ ದಂಪತಿಯ ಪಕ್ಕದಲ್ಲಿ ನಾನೇ ಕೂತಿದ್ದೆ. ಹುಡುಗ ಹುಡುಗಿಯ ಜೋಡಿಸಿದ ಕೈಮೇಲೆ ಕಾಯಿ, ಅದರ ಮೇಲೆ ಅಕ್ಕ-ಭಾವ ಹಾಲು ಎರೆಯುತ್ತಿದ್ದರು, ಹಾಲು ಬೆರಳ ಸಂದಿಯಿಂದ ತಟ್ಟೆಗೆ ಇಳಿಯುತ್ತಿತ್ತು. 'ಇದೇನು?' ಎಂದು ಆಕೆ ಕೇಳಿದರು. ಕನ್ಯಾದಾನ, ಗಿಫ್ಟು ಎಂದೆಲ್ಲ ಹೇಳಹೊರಟು ನಾಲಿಗೆ ತಡವರಿಸಿತು. ಕೊನೆಗೆ 'ದೇ ಆರ್ ಪೋರಿಂಗ್ ಮಿಲ್ಕ್ ಓವರ್ ದೇರ್ ಜಾಯ್ನ್ಡ್ ಹ್ಯಾಂಡ್ಸ್' ಅಂದೆ. ಆಕೆ ಎದ್ದು, ಸಾಲಿನಲ್ಲಿ ನಿಂತು, ತಾವೂ ಒಂದು ಉದ್ಧರಣೆ ಹಾಲು ಎರೆದು ಬಂದರು. ಹೀಗೆಯೇ ತಾಳಿಗೆ 'ಟೈ', ಹಾರಕ್ಕೆ 'ಎಕ್ಸ್‌ಚೇಂಜ್', ಅಕ್ಷತೆಗೆ 'ಥ್ರೋ'. ನವದಂಪತಿಯ ಮೇಲೆ ಅಕ್ಕಿ ಎರಚುವ ರೂಢಿ ಅವರಲ್ಲೂ ಇದೆ; ಅಕ್ಷತೆಯನ್ನು ವಿವರಿಸುವುದು ಸುಲಭ. 'ಟೈ ದ ನಾಟ್' ಎಂದರೆ ಅವರ ಭಾಷೆಯಲ್ಲಿ ಮದುವೆಯಾಗು ಎಂದೇ ಅರ್ಥ. ಇಲ್ಲಿ ಗಂಟು ನಿಜವಾಗಿಯೂ ಬೀಳುತ್ತದೆ, ಅದೂ ಮೂರು, ಎಂದು ತೋರಿಸಿದಾಗ ಅವರ ಮುಖ ಅರಳುತ್ತದೆ.

ಇನ್ನು ನಮ್ಮ ತೆಂಗು. ಚಪ್ಪರದ ಗರಿ 'ಫ್ರಾಂಡ್', ಕಂಬಕ್ಕೆ ಕಟ್ಟಿದ ಹೊಂಬಾಳೆ 'ಕೋಕನಟ್ ಫ್ಲವರ್'. ಬಂದವರಿಗೆ ಎಳನೀರು ಕೊಡುವಾಗ 'ಕೋಕನಟ್ ಮಿಲ್ಕ್' ಅನ್ನಬೇಡಿ, ಅದು ಕಾಯಿ ತುರಿದು ಹಿಂಡಿದ ಹಾಲು. ಇದು 'ಕೋಕನಟ್ ವಾಟರ್'. ಹೋಗುವಾಗ ಕೊಡುವ ತಾಂಬೂಲದ ಚೀಲವನ್ನು ನಾವು 'ರಿಟರ್ನ್ ಗಿಫ್ಟ್' ಅನ್ನುತ್ತೇವೆ. ಇಂಗ್ಲೆಂಡಿನವರು ಇಂಥದಕ್ಕೆ 'ವೆಡ್ಡಿಂಗ್ ಫೇವರ್' ಅನ್ನುತ್ತಾರೆ.

ಆ ಚೀಲಕ್ಕೆ ಪ್ರೀತಿಯಿಂದ ಒಂದೆರಡು ಉಂಡೆ ಕೊಬ್ಬರಿ ಹಾಕುವವರು ಸ್ವಲ್ಪ ನಿಲ್ಲಬೇಕು. ಕೊಬ್ಬರಿಗೆ ಇಂಗ್ಲಿಷಿನಲ್ಲಿ 'ಕೋಪ್ರಾ'. ಮಲೆಯಾಳದ ಕೊಪ್ಪರ ಪೋರ್ಚುಗೀಸರ ಬಾಯಿಂದ ಅಲ್ಲಿಗೆ ಹೋದ ಪದ, ನಮ್ಮ ಕೊಬ್ಬರಿಯ ಒಡಹುಟ್ಟು. ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ, ನೀರಿಂಗಿ, ಚಿಪ್ಪಿನೊಳಗೆ ಗಡಗಡ ಅನ್ನುವ ನಮ್ಮ ಕೊಬ್ಬರಿ ತಿನ್ನುವುದಕ್ಕೇ ಆದದ್ದು, ನಿಜ. ಆದರೆ ಎಣ್ಣೆಯಂಶ ಹೆಚ್ಚಾದ್ದರಿಂದ ತಾನಾಗಿ ಕಾವೇರಬಲ್ಲದೆಂದು 'ಕೋಪ್ರಾ' ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ, ಯುಎನ್ 1363 ಎಂಬ ಸಂಖ್ಯೆಯಡಿ. ವಿಮಾನ ಹತ್ತುವವರ ಚೀಲದಿಂದ ಅದನ್ನು ತೆಗೆದು, ಮನೆಯಲ್ಲೇ ಬೆಲ್ಲದ ಜೊತೆ ತಿನ್ನಿಸಿ ಕಳಿಸಿ.