ತುಕ್ಕು ಬೇಯಿಸುವ ಕಸುಬು

ತೇಜಸ್ವಿಯವರ ಕನ್ನಡದಲ್ಲಿ ಕಾಡಿನ ಕಥೆಗಳನ್ನು ಓದಿ, ರಾತ್ರಿ ಹಿತ್ತಿಲಿಗೆ ಹೋಗಲು ಹೆದರಿದ ಪೀಳಿಗೆ ನಮ್ಮದು. ಆಗ ನಮ್ಮ ಗಮನವೆಲ್ಲ ನರಭಕ್ಷಕನ ಮೇಲೆ. ಅದನ್ನು ಹೊಡೆದ ಕೋವಿ ಯಾವುದು ಎಂದು ಯಾರೂ ಕೇಳಿದವರಲ್ಲ. ಮುಂದೆ ಆ ಕಥೆಗಳ ಮೂಲವಾದ ಕೆನೆತ್ ಆಂಡರ್ಸನ್ನರ ಇಂಗ್ಲಿಷ್ ಪುಸ್ತಕಗಳನ್ನೇ ಹಿಡಿದಾಗ ಕೋವಿಯ ಹೆಸರು ಮತ್ತೆ ಮತ್ತೆ ಎದುರಾಯಿತು: .405 ವಿಂಚೆಸ್ಟರ್. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ನೌಕರಿ, ರಜೆ ಸಿಕ್ಕರೆ ಹೊಗೇನಕಲ್ ಕಡೆಯ ಕಾಡು. 1910ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ ಈ ಮನುಷ್ಯನ ಹೆಗಲು ಬಿಡದ ಸಂಗಾತಿ ಅದು.

ಅದು ಹುಟ್ಟಿದ್ದು ಅಮೆರಿಕದಲ್ಲಿ. ಜಾನ್ ಬ್ರೌನಿಂಗ್ ಎಂಬ ಮಹಾ ಬುದ್ಧಿವಂತ ರೂಪಿಸಿದ 1895ರ ಮಾದರಿ. ಟ್ರಿಗರ್ ಸುತ್ತಲಿನ ಕಬ್ಬಿಣದ ಬಳೆಯನ್ನು ಕೆಳಕ್ಕೆ ತಳ್ಳಿದರೆ ಖಾಲಿ ತೋಟಾ ಹೊರಕ್ಕೆ ಹಾರುತ್ತದೆ. ಮತ್ತೆ ಮೇಲಕ್ಕೆಳೆದರೆ ಹೊಸ ತೋಟಾ ನಳಿಗೆಗೆ ಏರಿ ಕೂರುತ್ತದೆ. ಅದಕ್ಕೂ ಮೊದಲಿನ ವಿಂಚೆಸ್ಟರ್‌ಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಬೆನ್ನಿಗೆ ಇನ್ನೊಂದು ಮೂತಿಯಿಟ್ಟು ಮಲಗುತ್ತಿದ್ದವು. ಚೂಪು ಮೂತಿಯ ಗುಂಡಾದರೆ ಮುಂದಿನದರ ಕೇಪನ್ನು ಚುಚ್ಚಿ ಕೋವಿಯೊಳಗೇ ಸಿಡಿಯುವ ಭಯ. ಬ್ರೌನಿಂಗ್ ಕೊಳವೆ ತೆಗೆದು ಹೊಟ್ಟೆಯಡಿ ಪೆಟ್ಟಿಗೆ ಇಟ್ಟ. .405 ತೋಟಾ ಬಂದದ್ದು 1904ರಲ್ಲಿ. ಗುಂಡಿನ ತೂಕ 300 ಗ್ರೇನ್, ನಮ್ಮ ಲೆಕ್ಕದಲ್ಲಿ ಒಂದೂವರೆ ತೊಲಕ್ಕೂ ಮೇಲೆ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೊರ್ ರೂಸ್ವೆಲ್ಟ್ 1909ರಲ್ಲಿ ಇದನ್ನೇ ಹೊತ್ತು ಆಫ್ರಿಕಕ್ಕೆ ಹೋಗಿ, ಸಿಂಹಕ್ಕೆ ಇದೇ ಮದ್ದು ಎಂದು ಹೊಗಳಿದ.

ಆಂಡರ್ಸನ್ ಅಲೆದ ಊರುಗಳ ಹೆಸರು ನೋಡಿ. ಜವಳಗಿರಿ, ಗುಮ್ಮಳಾಪುರ, ಅಂಚೆಟ್ಟಿ, ಮುತ್ತೂರು, ಪೆನ್ನಾಗರಂ. ಆಗ ಇವೆಲ್ಲ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಅದರಿಂದ ಕೃಷ್ಣಗಿರಿ. ಪೆನ್ನಾಗರಂ ಧರ್ಮಪುರಿಯಲ್ಲೇ ಉಳಿಯಿತು, ಜವಳಗಿರಿ ಕೃಷ್ಣಗಿರಿಯ ಪಾಲಾಯಿತು. ಇನ್ನೂ ಹಿಂದಕ್ಕೆ ಹೋದರೆ ಪೆನ್ನಾಗರಂ ಸುತ್ತಿನದು ಬಾರಾಮಹಲ್. 1792ರಲ್ಲಿ ಟಿಪ್ಪು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಡುವವರೆಗೆ ಮೈಸೂರಿನ ಸೀಮೆ. ಹೊಗೆ ಏಳುವ ಕಲ್ಲು ಹೊಗೇನಕಲ್ ಆದದ್ದು ಕನ್ನಡದ ಬಾಯಲ್ಲೇ. ಮನೆಯೊಳಗೆ ಕನ್ನಡ, ಬೀದಿಗೆ ಬಂದರೆ ತಮಿಳು ಆಡುವ ಸಂಸಾರಗಳು ಅಲ್ಲಿ ಇಂದಿಗೂ ಇವೆ.

ಅಂಥದ್ದೇ ಒಂದು ಮನೆಗೆ ಹೋದ ವರ್ಷ ಹೋಗಿದ್ದೆ. ಪೆನ್ನಾಗರಂ ಕಡೆಯ ರೈತರು, ನನ್ನ ಗೆಳೆಯನ ದೊಡ್ಡಪ್ಪ. ಬೀರುವಿನ ಹಿಂದಿನಿಂದ ಗೋಣಿಚೀಲ ಸುತ್ತಿದ ಕೋವಿಯೊಂದನ್ನು ತೆಗೆದರು. ವಿಂಚೆಸ್ಟರ್ ಅಲ್ಲ, ಸ್ವಾತಂತ್ರ್ಯಕ್ಕೆ ಮುಂಚಿನದೊಂದು ವಿಲಾಯಿತಿ ಶಿಕಾರಿ ರೈಫಲ್. ಲೈಸೆನ್ಸು ತಂದೆಯಿಂದ ಇವರ ಹೆಸರಿಗೆ ಬಂದಿದೆ. ನಳಿಗೆಯ ಮೇಲೆ ಹಲಸಿನ ಹಣ್ಣಿನ ಸಿಪ್ಪೆಯಂತೆ ತುಕ್ಕು. ಹಿಡಿಯ ಮರ ದಶಕಗಳ ಎಣ್ಣೆ ಕುಡಿದು ಕರಿಹಂಚಿನಂತಾಗಿತ್ತು. ‘ಎಲೆಕ್ಷನ್ ಬಂದಾಗಲೆಲ್ಲ ಠಾಣೆಯಲ್ಲಿ ಇಡಬೇಕಲ್ಲಪ್ಪ. ಒಂದು ಸಲ ಮಳೆಗಾಲದಲ್ಲಿ ಇಟ್ಟದ್ದು. ಹೀಗಾಗಿ ಬಂತು’ ಎಂದರು. ಚುನಾವಣೆಗೆ ಕೋವಿ ಜಮಾ ಮಾಡಿದ ಯಾರನ್ನು ಕೇಳಿದರೂ ಇದೇ ಮಾತು. ಸೋರುವ ಕೋಣೆಯಲ್ಲಿ ಕೋವಿಗಳನ್ನು ಸೌದೆ ಒಟ್ಟಿದಂತೆ ಒಟ್ಟಿದರೆ ಇನ್ನೇನಾದೀತು?

ಅದಕ್ಕೆ ಮತ್ತೆ ಕಳೆ ತರಿಸಬೇಕು ಎಂಬುದು ಗೆಳೆಯನ ಹುಚ್ಚು. ಅಮೆರಿಕದಲ್ಲಾದರೆ ಇದು ಭಾನುವಾರದ ಹವ್ಯಾಸ. ಮನೆಯ ಶೆಡ್ಡಿನಲ್ಲಿ ಕೋವಿ ಬಿಚ್ಚಿ, ಉಜ್ಜಿ, ಜೋಡಿಸಿ, ಸಂಜೆ ಎರಡು ಈಡು ಹೊಡೆದು ನೋಡುತ್ತಾರೆ. ನಮ್ಮಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆಯ 5ನೇ ಕಲಮು ಕೋವಿ ಮಾಡುವುದಕ್ಕಷ್ಟೇ ಅಲ್ಲ, ರಿಪೇರಿ ಮಾಡುವುದಕ್ಕೂ ಲೈಸೆನ್ಸು ಬೇಕೆನ್ನುತ್ತದೆ. ಅದೇ ಕಾಯ್ದೆಯ 45ನೇ ಕಲಮಿನಲ್ಲಿ ಒಂದು ಸೊಗಸಾದ ವಿನಾಯಿತಿ ಇದೆ: ಕಾಲ ಮೀರಿದ, ಪುರಾತನ ವಸ್ತುವಿನ ಬೆಲೆಯಿರುವ ಅಥವಾ ಕೆಟ್ಟು ಕೂತ ಆಯುಧ, ರಿಪೇರಿ ಮಾಡಿದರೂ ಗುಂಡು ಹಾರಿಸಲಾರದಂತಿದ್ದರೆ ಅದಕ್ಕೆ ಈ ಕಾಯ್ದೆಯೇ ಅನ್ವಯಿಸದು. ಅಂದರೆ ಸತ್ತ ಕೋವಿಗೆ ಮುಕ್ತಿ, ಜೀವ ಹಿಡಿದಿರುವ ಕೋವಿಗೆ ಜಾಮೀನು. 2019ರ ತಿದ್ದುಪಡಿ ಒಬ್ಬರಿಗೆ ಮೂರಿದ್ದ ಕೋವಿಯ ಮಿತಿಯನ್ನು ಎರಡಕ್ಕೆ ಇಳಿಸಿತು. ಅಜ್ಜನಿಂದ ಬಂದದ್ದೂ ಆ ಲೆಕ್ಕದೊಳಗೇ. 2020ರ ನಿಯಮಗಳು ಪುರಾತನ ಸಂಗ್ರಹದ ಸಣ್ಣ ಆಯುಧಗಳನ್ನು ಲೈಸೆನ್ಸಿಲ್ಲದೆ ಇಟ್ಟುಕೊಳ್ಳಲು ಬಿಟ್ಟವು. ಆದರೆ ಅದನ್ನು ಬಳಸುವುದಕ್ಕೆ, ಹೊತ್ತೊಯ್ಯುವುದಕ್ಕೆ ಲೈಸೆನ್ಸು ಬೇಕೇ ಬೇಕು.

ಅದೂ ಧರ್ಮಪುರಿಯಲ್ಲಿ. 2004ರ ಅಕ್ಟೋಬರ್ 18ರ ರಾತ್ರಿ ಕಾಡುಗಳ್ಳ ವೀರಪ್ಪನ್ ಸತ್ತದ್ದು ಇದೇ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ. ಬೆಟ್ಟದ ಹಳ್ಳಿಗಳಲ್ಲಿ ಲೈಸೆನ್ಸಿಲ್ಲದ ನಾಟು ಕೋವಿಗಳ ಮಾತು ಇನ್ನೂ ಪೂರ್ತಿ ನಿಂತಿಲ್ಲ. ಇಂಥ ಕಡೆ ಕೋವಿ ಹಿಡಿದು ಬಸ್ಸು ಹತ್ತಿ ‘ಹವ್ಯಾಸ ಸಾರ್’ ಎಂದರೆ ನಂಬುವವರು ಯಾರು? ಗೆಳೆಯ ಲೈಸೆನ್ಸಿನ ಪುಸ್ತಕ, ಜೆರಾಕ್ಸ್ ಪ್ರತಿ, ದೊಡ್ಡಪ್ಪ ಎಲ್ಲವನ್ನೂ ಕಾರಿನಲ್ಲಿ ಕೂರಿಸಿಕೊಂಡೇ ಬೆಂಗಳೂರಿಗೆ ಹೊರಟ, ರಿಪೇರಿಯ ಪರವಾನಗಿ ಇರುವ ಮೇಸ್ತ್ರಿಯ ಹತ್ತಿರ.

ಮೇಸ್ತ್ರಿ ಮೊದಲು ನೋಡಿದ್ದು ನಳಿಗೆಯ ಒಳಗನ್ನು. ಹಳೆಯ ತೋಟಾಗಳ ಕೇಪಿನಲ್ಲಿದ್ದ ರಾಸಾಯನಿಕ ಉರಿದ ಮೇಲೆ ಉಪ್ಪು ಉಳಿಸುತ್ತಿತ್ತು. ಉಪ್ಪು ತೇವ ಹೀರುತ್ತದೆ, ತೇವ ಕಬ್ಬಿಣ ತಿನ್ನುತ್ತದೆ. ಆ ಕಾಲದ ಶಿಕಾರಿಯವರು ಬೇಟೆ ಮುಗಿಸಿ ಬಂದ ರಾತ್ರಿಯೇ ನಳಿಗೆಗೆ ಬಿಸಿನೀರು ಹೊಯ್ಯುತ್ತಿದ್ದದ್ದು ಉಪ್ಪು ಕರಗಲೆಂದು. ಯಾರೋ ಒಂದು ರಾತ್ರಿ ಸೋಮಾರಿಯಾಗಿದ್ದರು. ಬೆಳಕಿಗೆ ಹಿಡಿದರೆ ತಿರುಚು ಗೆರೆಗಳ ನಡುವೆ ಸಿಡುಬಿನ ಕಲೆಗಳು. ‘ಇದನ್ನ ಏನೂ ಮಾಡಕ್ಕಾಗಲ್ಲ ಸಾರ್. ಇನ್ಮೇಲೆ ಹೊಡೀಬೇಡಿ. ಹೊರಗಡೆ ಮಾತ್ರ ನೋಡೋಣ’ ಎಂದರು. ಹೊಡೆಯುವುದಾದರೂ ಯಾವುದನ್ನು? 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ದಿನಗಳೇ ಮುಗಿದವು. ಆಂಡರ್ಸನ್ ಮಚಾನು ಕಟ್ಟಿದ ಕಾಡಿನ ದೊಡ್ಡ ಪಾಲು 2014ರಿಂದ ಕಾವೇರಿ ಉತ್ತರ ವನ್ಯಜೀವಿಧಾಮ.

ಹೊರಗಿನ ಕೆಲಸ ಮಾತ್ರ ನೋಡಲು ಹಬ್ಬ. ಕೋವಿಯ ನಳಿಗೆಗಿರುವ ಆ ನೀಲಿಗಪ್ಪು ಬಣ್ಣ ಬಳಿದದ್ದಲ್ಲ, ಬೆಳೆಸಿದ್ದು. ಹಳೆಯ ತುಕ್ಕನ್ನು ತೆಗೆದು, ಎಣ್ಣೆಯ ಪಸೆ ಒಂದಿಷ್ಟೂ ಇಲ್ಲದಂತೆ ತೊಳೆದು, ಆಮ್ಲ ಬೆರೆತ ದ್ರಾವಣವನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ, ತೇವದ ಪೆಟ್ಟಿಗೆಯೊಳಗೆ ಇಡುತ್ತಾರೆ. ಕೆಲವು ಗಂಟೆಗಳಲ್ಲಿ ಮೈಮೇಲೆಲ್ಲ ಹೊಸ ತುಕ್ಕು, ನುಣ್ಣನೆಯ ಕಾವಿ ಪುಡಿ. ಆಮೇಲೆ ಉದ್ದನೆಯ ತಗಡಿನ ತೊಟ್ಟಿಯಲ್ಲಿ ಕುದಿಯುವ ನೀರಿಗೆ ಇಳಿಸುತ್ತಾರೆ. ನೋಡನೋಡುತ್ತ ಕಾವಿ ಕಪ್ಪಾಗುತ್ತದೆ, ಮಖಮಲ್ಲಿನಂತೆ. ಹೊರತೆಗೆದು ಮೃದುವಾದ ತಂತಿಯ ಬ್ರಷ್ಷಿನಲ್ಲಿ ಉಜ್ಜಿದರೆ ಸಡಿಲ ಕಪ್ಪು ಉದುರಿ, ಕೆಳಗೆ ತೆಳುವಾದೊಂದು ಬೂದುನೀಲಿ ಪೊರೆ ಕಾಣುತ್ತದೆ. ಮತ್ತೆ ಸವರು, ಮತ್ತೆ ತುಕ್ಕು, ಮತ್ತೆ ಕುದಿ. ಆರೋ ಎಂಟೋ ಸುತ್ತು. ಪ್ರತಿ ಸುತ್ತಿಗೂ ಬಣ್ಣ ಒಂದು ಕೂದಲೆಳೆ ಆಳಕ್ಕಿಳಿಯುತ್ತದೆ. ಕೋವಿಯನ್ನು ತಿಂದ ತುಕ್ಕನ್ನೇ ಅಕ್ಕಿ ಬೇಯಿಸಿದಂತೆ ಬೇಯಿಸಿ ಕೋವಿಗೆ ಅಂಗಿ ತೊಡಿಸುವ ಈ ಉಪಾಯ ಯಾರಿಗೆ ಹೊಳೆಯಿತೋ.

ರಸಾಯನಶಾಸ್ತ್ರದವರು ಆ ಕಪ್ಪಿಗೆ ಮ್ಯಾಗ್ನಟೈಟ್ ಎನ್ನುತ್ತಾರೆ. ಸೇಲಂ ಪಕ್ಕದ ಕಂಜಮಲೈ ಬೆಟ್ಟದ ಕಲ್ಲಿನಲ್ಲಿ, ಅಯಸ್ಕಾಂತಕ್ಕೆ ಅಂಟಿಕೊಳ್ಳುವಂತೆ ತುಂಬಿಕೊಂಡಿರುವುದೂ ಇದೇ. ಕಂಪನಿ ಸರ್ಕಾರದ ನೌಕರಿ ಬಿಟ್ಟ ಜೋಸಯ್ಯ ಹೀತ್ 1830ರ ಸುಮಾರಿಗೆ ಪೋರ್ಟೊ ನೋವೋದಲ್ಲಿ ಕಬ್ಬಿಣದ ಕಾರ್ಖಾನೆ ಹಾಕಿದ್ದು ಸೇಲಂ ಸೀಮೆಯ ಈ ಅದಿರನ್ನು ನಂಬಿಕೊಂಡೇ. ಕೋವಿಯನ್ನು ಊರು ದಾಟಿಸಿದೆವು, ಸರಿ. ಅದರ ಬಣ್ಣ ಮಾತ್ರ ಸೇಲಂ ಬೆಟ್ಟದ್ದೇ ಎಂದು ದೊಡ್ಡಪ್ಪನಿಗೆ ಹೇಳಿದೆ. ‘ಹಂಗಾದ್ರೆ ಅಲ್ಲೇ ಮಾಡಿಸಬಹುದಿತ್ತಲ್ಲ’ ಎಂದರು.

ಹಿಡಿಯ ಕೆಲಸ ಗೆಳೆಯನದೇ. ಮರಕ್ಕೆ ಲೈಸೆನ್ಸು ಕೇಳುವವರಿಲ್ಲ. ಅಕ್ರೋಟಿನ ಮರ. ಅದು ಕುಡಿದಿದ್ದ ಹಳೆಯ ಎಣ್ಣೆಯನ್ನು ಸೀಮೆಸುಣ್ಣದ ಪುಡಿಯ ಸರಿ ಮೆತ್ತಿ, ಬಿಸಿಲಿಗಿಟ್ಟು, ಹೀರಿಸಿದ. ಬಿಳಿ ಸರಿ ಮಧ್ಯಾಹ್ನದ ಹೊತ್ತಿಗೆ ಕಂದು. ನಾಲ್ಕು ದಿನ ಹೀಗೆ. ಆಮೇಲೆ ತಗ್ಗುಗಳು. ಒದ್ದೆ ಬಟ್ಟೆ ಹಾಕಿ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆಗೆ ಮರದ ನಾರು ಉಬ್ಬಿ, ತಗ್ಗು ತಾನೇ ಮೇಲೇಳುತ್ತದೆ. ಮರಳು ಕಾಗದ ಕೈಗೆತ್ತಿಕೊಳ್ಳುವುದು ಕೊನೆಗೆ, ಅದೂ ಅಂಜಿಕೊಂಡು. ಹೆಚ್ಚು ಉಜ್ಜಿದರೆ ಮರ ಕಬ್ಬಿಣಕ್ಕಿಂತ ಕೆಳಗಿಳಿದು ಕೋವಿಗೆ ಅಂಗಿ ಬಿಗಿಯಾದಂತೆ ಕಾಣುತ್ತದೆ. ಪಾಲಿಶ್ ಎಂದರೆ ಅಂಗಡಿಯ ವಾರ್ನಿಷ್ ಅಲ್ಲ. ಅಗಸೆ ಎಣ್ಣೆಯ ನಾಲ್ಕು ಹನಿ, ಅಂಗೈ ಬಿಸಿಯಾಗುವ ತನಕ ತೀಡು, ಒಂದು ದಿನ ಬಿಡು. ಗೆಳೆಯನ ಕೈಯಿಂದ ತಿಂಗಳುಗಟ್ಟಲೆ ಅದೇ ವಾಸನೆ; ಮೊಸರನ್ನ ಕಲಸಿದರೂ ಹೋಗುತ್ತಿರಲಿಲ್ಲ ಎಂದು ಅವನ ಹೆಂಡತಿಯ ದೂರು.

ಹಳೆಯ ಕೋವಿ ಸಂಗ್ರಹಿಸುವವರು ಇಷ್ಟು ಮಾಡಿದ್ದನ್ನೂ ಒಪ್ಪುವುದಿಲ್ಲ. ಕಾರ್ಖಾನೆಯ ಮೂಲ ಬಣ್ಣ ಸವೆದಿದ್ದರೂ ಅದಕ್ಕೇ ಬೆಲೆ, ಹೊಸ ಕಪ್ಪಿಗಲ್ಲ ಎಂಬುದು ಅವರ ವಾದ. ಅಪರೂಪದ ಕೋವಿಯಾದರೆ ನಾನೂ ಅವರ ಕಡೆಗೇ. ಆದರೆ ತುಕ್ಕು ತಿಂದು ಮುಗಿಸುವುದನ್ನು ನೋಡುತ್ತ ಕೂರುವುದೂ ಒಂದು ಬಗೆಯ ಶೋಕಿಯೇ.

ಹಿಡಿಯಲ್ಲಿ ಒಂದು ತಗ್ಗು ಮಾತ್ರ ಉಳಿದಿತ್ತು, ಬೆರಳ ತುದಿ ಕೂರುವಷ್ಟು. ಗೆಳೆಯ ಇಸ್ತ್ರಿಪೆಟ್ಟಿಗೆ ಹಿಡಿದು ಅಲ್ಲಿಗೆ ಬಂದಾಗ ದೊಡ್ಡಪ್ಪ ತಡೆದರು. ‘ಅದು ಇರಲಿ ಬಿಡು.’ ಚಿರತೆಯ ಹಲ್ಲೇ ಇರಬೇಕೆಂದು ನಾನು ಮುಂದಕ್ಕೆ ಬಾಗಿದೆ. ‘ಅಪ್ಪ ಗಾಡಿ ಇಳಿಯುವಾಗ ಬೀಳಿಸಿದ್ದು. ಮೇಲೆ ಚಕ್ರ ಹತ್ತಿತ್ತು. ಅವತ್ತು ಎತ್ತಿಗೆ ಬಿದ್ದ ಬೈಗುಳ ಕೇಳಬೇಕಿತ್ತು ನೀವು!’